ದೊರೆ ಹೊರಟಾಗ ಯಾರೂ ಏಳಲಿಲ್ಲ

ಅವರು ನನಗಾಗಿ ಎದ್ದು ನಿಂತ ಮೊದಲ ದಿನ ನನಗೆ ಮುಜುಗರಕ್ಕಿಂತ ಹೆಚ್ಚಾಗಿ ಅನುಮಾನ ಬಂದಿತ್ತು. ಅವರು ಎಪ್ಪತ್ತು ದಾಟಿದ ಮುದುಕರು, ಮನೆಯ ಮಾಲೀಕರು. ನಾನು ಬಾಡಿಗೆಗೆ ಮೇಲಿನ ಕೋಣೆ ಕೇಳಿಕೊಂಡು ಬಂದ ಹುಡುಗ. ಜರ್ಮನಿಯಲ್ಲಿ ಮನೆ ಮಾಲೀಕರು ಬಾಡಿಗೆಯವನಿಗೆ ಎದ್ದು ನಿಲ್ಲುವುದಿಲ್ಲ. ಕೂತಲ್ಲಿಂದಲೇ ಸಂಬಳದ ಚೀಟಿ ಕೇಳುತ್ತಾರೆ. ಇವರು ಎದ್ದರು, ಎದೆಯ ಮೇಲೆ ಕೈ ಇಟ್ಟರು, ನಾನು ಕೂರುವವರೆಗೂ ಕೂರುವುದಿಲ್ಲವೆಂಬಂತೆ ನಿಂತರು. ನಾನೋ ಧಾರವಾಡದ ಮನೆಯಲ್ಲಿ ಬೆಳೆದವನು, ಹಿರಿಯರು ನಿಂತಿರುವಾಗ ಕೂರಲು ಬಾರದು. ಇಬ್ಬರೂ ನಿಂತೇ ಇದ್ದೆವು. ಕೋಣೆ ಹಂಚಿಕೊಳ್ಳಲು ಜೊತೆಗೆ ಬಂದಿದ್ದ ಮೈಸೂರಿನ ಸತೀಶ ನನ್ನ ಕಿವಿಯಲ್ಲಿ, "ಮಗಾ, ನೀನಾದ್ರೂ ಕೂತ್ಕೊಳೋ. ಇಲ್ಲಾಂದ್ರೆ ಮೂರು ಜನಾನೂ ಇಲ್ಲೇ ಕಂಬ ಆಗೋಗ್ತೀವಿ" ಅಂದ.

ಮೊನ್ನೆ ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ಮೊದಲು ನೆನಪಾದದ್ದು ಈ ನಿಂತ ಭಂಗಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಡೀ ತಕರಾರು ಇದ್ದದ್ದೇ ಆ ಹೆಸರಿನ ಮೇಲೆ. ಸತೀಶ ಅವರಿಗೆ ಮೊದಲ ವಾರವೇ "ದೊರೆ" ಅಂತ ಹೆಸರಿಟ್ಟಿದ್ದ, ತಮಾಷೆಗೆ. ನಾನೂ ಹಾಗೇ ಕರೆಯುತ್ತೇನೆ, ಈಗ ತಮಾಷೆಗಲ್ಲ.

ಜರ್ಮನ್ ಸರ್ಕಾರ ಗ್ರೀನ್ ಕಾರ್ಡ್ ಎಂದು ಹೆಸರಿಟ್ಟು ನಮ್ಮಂಥ ಸಾಫ್ಟ್‌ವೇರಿನವರನ್ನು ಐದು ವರ್ಷಕ್ಕೆಂದು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಕೆಲಸ ವಾಲ್‌ಡಾರ್ಫ್‌ನಲ್ಲಿ. ದೊರೆಯ ಮನೆ ಹೈಡೆಲ್‌ಬರ್ಗ್‌ಗೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ. ಐದು ವರ್ಷದ ಪರವಾನಗಿ ಎಂದು ನಾನು ಹೇಳಿದಾಗ ಅವರು ನಕ್ಕಿದ್ದರು.

"ನನ್ನನ್ನೂ ಹೀಗೇ ಕರೆದಿದ್ದರು. ಎರಡು ವರ್ಷ ಅಂದಿದ್ದರು. ಕಾರ್ಖಾನೆ ನನ್ನ ಬೆರಳು ಇಟ್ಟುಕೊಂಡಿತು, ನಾನು ಕಾರ್ಖಾನೆಯನ್ನು ಇಟ್ಟುಕೊಂಡೆ" ಅಂದು ತುದಿಯಿಲ್ಲದ ತೋರುಬೆರಳನ್ನು ತೋರಿಸಿದರು.

ಅರವತ್ತರ ದಶಕದಲ್ಲಿ ಟರ್ಕಿಯಿಂದ ಕೂಲಿಗೆ ಬಂದವರಲ್ಲಿ ಅವರೂ ಒಬ್ಬರು. ಆದರೆ ತುರ್ಕರಲ್ಲ. ಸರ್ಕೇಶಿಯನ್, ಕಾಕಸಸ್ ಬೆಟ್ಟಗಳ ಜನ. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ತ್ಸಾರನ ಸೈನ್ಯ ಆ ಜನವನ್ನು ಬೆಟ್ಟದಿಂದ ಕೆಳಗಿಳಿಸಿ, ದೋಣಿಗಳಲ್ಲಿ ತುಂಬಿ, ಕಪ್ಪು ಸಮುದ್ರದಾಚೆಯ ತುರ್ಕಿ ಸುಲ್ತಾನರ ನೆಲಕ್ಕೆ ಅಟ್ಟಿತು. ದೊರೆಯ ಮನೆತನ ಬೆಟ್ಟದಲ್ಲಿ ಆಳುತ್ತಿದ್ದ ಮನೆತನ. ಹೊಸ ನೆಲದಲ್ಲೂ ಅದು ಮುಳುಗಲಿಲ್ಲ. ಒಂದು ಕವಲು ಇಸ್ತಾಂಬುಲಿಗೆ ಹೋಗಿ ಸೇನಾಪತಿಗಳನ್ನು ಕೊಟ್ಟಿತು, ಇನ್ನೊಂದು ಕೈರೋಗೆ ಹೋಗಿ ಪಾಷಾಗಳನ್ನು ಕೊಟ್ಟಿತು. ಒಬ್ಬಳು ಹೆಣ್ಣುಮಗಳು ಅರಮನೆ ಸೇರಿದಳು. ಅನಾತೋಲಿಯಾದ ಹಳ್ಳಿಯಲ್ಲಿ ಉಳಿದ ಹಿರಿಯ ಕವಲು ಇವರದ್ದು. ಹೊಲ ಕರಗಿತು, ಕುದುರೆ ಕರಗಿದವು, ಕೊನೆಗೆ ಇವರು ಜರ್ಮನಿಯ ಫೌಂಡ್ರಿಗೆ ಬಂದರು.

ಇದೆಲ್ಲ ಅವರೇ ಹೇಳಿದ್ದು. ಸಾಕ್ಷಿ ಏನೆಂದು ನನ್ನನ್ನು ಕೇಳಬೇಡಿ. ನಾನೇ ಅವರನ್ನು ಕೇಳಿ ಕೇಳಿ ಸುಸ್ತಾದವನು.

ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಲ್ಲಿ ಬೆಳೆದವನ ರೋಗ ಇದು. ಯಾರೇ ಏನೇ ಹೇಳಲಿ, ಮೊದಲು ಅದರ ತೂತು ಕಾಣುತ್ತದೆ. ಭಾನುವಾರ ಅವರು ನಮ್ಮನ್ನು ಕೆಳಗೆ ಊಟಕ್ಕೆ ಕರೆಯುತ್ತಿದ್ದರು. ನನಗೆ ಮೊಸರು, ಗಿಣ್ಣು. ಸತೀಶನಿಗೆ ಆಕ್ರೋಟಿನ ಗೊಜ್ಜು ಹಾಕಿದ ಕೋಳಿ. ಇಬ್ಬರಿಗೂ ಬರಗಿನ ಹಿಟ್ಟನ್ನು ಗಟ್ಟಿಯಾಗಿ ತೊಳಸಿ ಕತ್ತರಿಸಿ ಕೊಡುವ ತುಂಡು. ಮೊದಲ ಸಲ ಅದನ್ನು ಬಾಯಿಗಿಟ್ಟಾಗ ಸತೀಶನ ಕಣ್ಣು ತುಂಬಿತ್ತು. "ಗುರು, ಮುದ್ದೆ ಕಣೋ ಇದು. ಪಾಷಾ ಮನೇಲಿ ಮುದ್ದೆ." ಬಾಗಿಲಿಗೆ ದೂರದ ಕುರ್ಚಿ ಹಿರಿಯರದ್ದು ಅಥವಾ ಅತಿಥಿಯದ್ದು, ಬಾಗಿಲ ಪಕ್ಕದ್ದು ಎಲ್ಲರಿಗಿಂತ ಕಿರಿಯರದ್ದು. ಯಾರು ಎಲ್ಲಿ ಕೂರಬೇಕೆಂದು ಅವರು ಬಾಯಲ್ಲಿ ಹೇಳುತ್ತಿರಲಿಲ್ಲ, ಗಲ್ಲ ಎತ್ತಿ ತೋರಿಸುತ್ತಿದ್ದರು. ಮೀನನ್ನು ಮುಟ್ಟುತ್ತಿರಲಿಲ್ಲ. ದೋಣಿಗಳಿಂದ ಎಸೆದ ಹೆಣಗಳನ್ನು ಆ ಸಮುದ್ರದ ಮೀನು ತಿಂದಿವೆಯೆಂದು ಅವರ ಅಜ್ಜಿಯ ಕಾಲದಿಂದ ಬಂದ ಪಥ್ಯ. "ರೈನ್ ನದಿಯ ಮೀನು ಏನು ಮಾಡಿತ್ತು?" ಅಂದೆ. "ನದಿ ಎಲ್ಲಿಗೆ ಹೋಗುತ್ತದೆ ಅಂತ ನಿನಗೆ ಗೊತ್ತಾ?" ಅಂದರು. ರೈನ್ ಕಪ್ಪು ಸಮುದ್ರಕ್ಕೆ ಹೋಗುವುದಿಲ್ಲ ಅಂದೆ. "ಹೆರ್ ಆನ್‌ವಾಲ್ಟ್" ಅಂದು ಕೈ ಮುಗಿದ ಹಾಗೆ ಮಾಡಿದರು. ಅಂದರೆ ವಕೀಲ ಸಾಹೇಬ. ಅಂದಿನಿಂದ ನನ್ನ ಹೆಸರು ಅದೇ ಆಯಿತು.

ಊಟವಾದ ಮೇಲೆ ಅವರು ಮನೆತನದ ಹೆಸರುಗಳನ್ನು ಹೇಳುತ್ತಿದ್ದರು. ಗೋಡೆಯ ಮೇಲೆ ಒಂದು ಕಬ್ಬಿಣದ ಗುರುತು ತೂಗುಹಾಕಿತ್ತು. ಕುದುರೆಗಳ ತೊಡೆಗೆ ಕಾಯಿಸಿ ಒತ್ತುತ್ತಿದ್ದ ಮನೆತನದ ಮುದ್ರೆ. ಅದರ ಕೆಳಗೆ ಎದ್ದು ನಿಂತು ಮೊದಲ ಹೆಸರು ಹೇಳುವರು. ಅದು ಬೆಟ್ಟದಲ್ಲಿ ಮನೆತನ ಕಟ್ಟಿದವನದ್ದು. ಆಮೇಲೆ ಕೂತು ಉಳಿದವು. ಮೊದಲ ಹೆಸರನ್ನು ಅವರು ಕೂತು ಹೇಳಿದ್ದನ್ನು ನಾನು ನೋಡಿಲ್ಲ. ಬೇರೆ ಯಾರಾದರೂ ಆ ಹೆಸರೆತ್ತಿದರೂ ಏಳುತ್ತಿದ್ದರು.

ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನೆಲ್ಲ ಹೇಳಿ ಕಾಳು ಒಯ್ಯುವುದನ್ನು ನಾನು ಅವರಿಗೆ ವಿವರಿಸಿದೆ. ಸಾಲಿ ಹುಡುಗನಾಗಿದ್ದಾಗ ಒಬ್ಬ ಹೆಳವನನ್ನು, "ಅಜ್ಜಾ, ಇವರೆಲ್ಲಾ ಖರೇನ ಇದ್ರಂತ ಹೆಂಗ ನಂಬಬೇಕು?" ಅಂತ ತಡೆದಿದ್ದೆ. ಅವನು, "ತಮ್ಮಾ, ಅವರು ಇದ್ದಿಲ್ಲಂದ್ರ ನೀ ಹೆಂಗ ಇದ್ದೀಪಾ?" ಅಂದಿದ್ದ. ದೊರೆ ಇದನ್ನು ಕೇಳಿ ತೊಡೆ ತಟ್ಟಿ ನಕ್ಕರು. ನಾನು ಬಿಡಲಿಲ್ಲ.

"ಯಾರೋ ಇದ್ದರು ಅನ್ನುವುದು ಬೇರೆ, ಇವರೇ ಇದ್ದರು ಅನ್ನುವುದು ಬೇರೆ. ಅದೂ ಹೋಗಲಿ. ನಿಮ್ಮ ಪಾಷಾಗಳು ದೊಡ್ಡವರಾದದ್ದು ಹೇಗೆ? ಆಳುಗಳನ್ನು ಮಾರಿ. ಬಡವರ ಹೆಣ್ಣುಮಕ್ಕಳನ್ನು ಅರಮನೆಗೆ ಸಾಗಿಸಿ."

"ಹೌದು" ಅಂದರು. "ನಾನು ಒಳ್ಳೆಯವರು ಅನ್ನಲಿಲ್ಲ. ದೊಡ್ಡವರು ಅಂದೆ."

ಇನ್ನೊಂದು ದಿನ ಅವರಾಗಿಯೇ ಹೇಳಿದ್ದು: ಇಸ್ತಾಂಬುಲಿನಲ್ಲಿ ಕೂಲಿಗಳನ್ನು ಆರಿಸುವ ಕಚೇರಿಯಲ್ಲಿ ಜರ್ಮನ್ ವೈದ್ಯ ಅವರ ತುಟಿ ಮೇಲೆತ್ತಿ ಹಲ್ಲು ನೋಡಿದ್ದ. "ನಮ್ಮ ಮನೆಯವರು ಕುದುರೆ ಕೊಳ್ಳುವಾಗ ಹಾಗೇ ನೋಡುತ್ತಿದ್ದರು." ಲೋಟದ ಚಹಾ ಮುಗಿಸಿ ಸೇರಿಸಿದರು, "ಆಳು ಕೊಳ್ಳುವಾಗಲೂ."

ಅವರ ಮಗನ ಬಗ್ಗೆ ಅವರು ಮಾತಾಡಿದ್ದು ಒಂದೇ ಸಲ. ಅವರ ಜನದಲ್ಲಿ ತಂದೆಯಾದವನು ಹಿರಿಯರ ಮುಂದೆ ತನ್ನ ಮಗುವನ್ನು ಎತ್ತಿಕೊಳ್ಳುವಂತಿಲ್ಲ, ಮುದ್ದು ಮಾಡುವಂತಿಲ್ಲ. ಹಾಗೆ ಮಾಡುವುದು ನಾಚಿಕೆಗೇಡು. ದೊರೆಯ ತಂದೆ ಬಹಳ ವರ್ಷ ಬದುಕಿದರು. ಮಗ ಅವರ ಕಣ್ಣೆದುರೇ ಬೆಳೆದ. ಆಮೇಲೆ ಆ ಮಗ ಹೆಂಡತಿಯನ್ನು ಕರೆದುಕೊಂಡು ರಜೆಗೆ ಕಾರಿನಲ್ಲಿ ಟರ್ಕಿಗೆ ಹೊರಟವನು ಯುಗೋಸ್ಲಾವಿಯಾದ ರಸ್ತೆಯಲ್ಲಿ ಲಾರಿಗೆ ಸಿಕ್ಕ. ಇಬ್ಬರೂ ಹೋದರು. ದೊರೆಯ ಹತ್ತಿರ ಬಿಟ್ಟುಹೋಗಿದ್ದ ಹಸುಗೂಸು ಉಳಿಯಿತು.

"ಶವಾಗಾರದಲ್ಲಿ ಅವನನ್ನು ಒಂದು ಹಲಗೆಯಿಂದ ಇನ್ನೊಂದಕ್ಕೆ ಸರಿಸಬೇಕಿತ್ತು. ಆಳು ಒಬ್ಬನೇ ಇದ್ದ. ನಾನು ಎತ್ತಿದೆ. ಎತ್ತಿದ್ದು ಅದೇ ಮೊದಲು."

ಅವತ್ತು ನಾನು ಯಾವ ತೂತನ್ನೂ ಹುಡುಕಲಿಲ್ಲ.

ಆ ಕೂಸೇ ಜಾನ್ಸೆತ್. ನಾವು ಹೋದಾಗ ಹೈಡೆಲ್‌ಬರ್ಗ್‌ನಲ್ಲಿ ಫಾರ್ಮಸಿ ಓದುತ್ತಿದ್ದಳು. ಅಜ್ಜ ತಮ್ಮ ಭಾಷೆಯಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುವಳು. ಮೊಮ್ಮಕ್ಕಳನ್ನು ಮುದ್ದು ಮಾಡಲು ಅವರ ಪದ್ಧತಿಯಲ್ಲಿ ಅಡ್ಡಿಯಿಲ್ಲ. ದೊರೆ ಮಗನಿಗೆ ಕೊಡದ್ದನ್ನೆಲ್ಲ ಅವಳಿಗೆ ಕೊಟ್ಟಿದ್ದರು. ಅವಳೊಬ್ಬಳು ಸುಖವಾಗಿರಬೇಕು, ಅದೂ ತಮ್ಮವರ ನಡುವೆ, ಹಿರಿಯರ ಒಪ್ಪಿಗೆಯಿಂದ ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಆಸೆ ಇರಲಿಲ್ಲ. ಆಗ ಅವಳು ಮದುವೆಯ ಮಾತೆತ್ತಿದಳು. ಹುಡುಗ ಮಾನ್‌ಹೈಮ್‌ನ ಆಸ್ಪತ್ರೆಯಲ್ಲಿ ವೈದ್ಯ, ಸರ್ಕೇಶಿಯನ್ನನೇ, ನೋಡಲು ಚೆನ್ನಾಗಿದ್ದ. ಒಂದೇ ತೊಡಕು. ಅವನ ಮನೆತನದ ಹೆಸರೂ ದೊರೆಯ ಮನೆತನದ ಹೆಸರೂ ಒಂದೇ.

ಕನ್ನಡ ಓದುಗರಿಗೆ ಇದನ್ನು ವಿವರಿಸುವ ಕಷ್ಟವಿಲ್ಲ. ಸಗೋತ್ರ. ಅವರಲ್ಲಿ ಒಂದೇ ಮನೆತನದ ಹೆಸರಿನವರು ಎಷ್ಟು ತಲೆಮಾರು ದೂರವಾದರೂ ಅಣ್ಣ ತಂಗಿ. ಮದುವೆಯ ಮಾತೆತ್ತುವುದೇ ಹೇಸಿಗೆ.

ಆದರೆ ಇಲ್ಲಿ ಒಂದು ಗಂಟಿತ್ತು. ಹುಡುಗನ ಕಡೆಯವರು ತಾವು ಮನೆತನದ ಕಿರಿಯ ತಮ್ಮನ ಸಂತತಿ ಎಂದು ಹೇಳಿಕೊಳ್ಳುತ್ತಿದ್ದರು. ದೊರೆ ಇದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಹುಡುಗನ ಕಡೆಯವರು ಮನೆತನದ ಆಳುಗಳ ಸಂತತಿ. ದೋಣಿಯಿಂದಿಳಿದಾಗ ಒಡೆಯನ ಹೆಸರನ್ನೇ ಬರೆಸಿಕೊಂಡವರು. ದೊರೆ ಮನೆಯೊಳಗೆ ಹಾಗೆ ಹೇಳುತ್ತಿದ್ದರೇ ಹೊರತು ಸಭೆಯಲ್ಲಿ ಯಾವತ್ತೂ ಹೇಳಿದವರಲ್ಲ.

ಜಾನ್ಸೆತ್‌ಗೆ ಇದೆಲ್ಲ ಹಳೆಯ ಧೂಳು. "ಮಿಯರ್ ಎಗಾಲ್, ಓಪಾ" ಅನ್ನುವಳು. ನನಗೆ ಎಲ್ಲಾ ಒಂದೇ, ಅಜ್ಜ. ಸ್ಟಾಂಡೆಸ್‌ಆಮ್ಟ್ ಎಂಬ ನೋಂದಣಿ ಕಚೇರಿಯಲ್ಲಿ ಮದುವೆ ರಿಜಿಸ್ಟರ್ ಮಾಡಿಕೊಂಡರಾಯಿತು. ಆದರೆ ಹುಡುಗನಿಗೆ ಒಂದಾಗಿರಲಿಲ್ಲ. ಅವನನ್ನು ಸಾಕಿದ್ದು ಅವನ ಅಜ್ಜಿ. ಅಜ್ಜಿಯ ಹರಕೆಯಿಲ್ಲದೆ ಅವನು ಹೆಜ್ಜೆ ಇಡುವವನಲ್ಲ. ಅಜ್ಜಿಯ ಮಾತು ಒಂದೇ: ಹಿರಿಯರು ಕೂತು, ಎರಡು ಮನೆಗಳ ಸಂಬಂಧವೇನು ಎಂದು ಎಲ್ಲರೆದುರು ಹೇಳಬೇಕು. ಹೇಳಬೇಕಾದವರು ಮನೆತನದ ಹಿರಿಯರಾದ ದೊರೆ.

ಆ ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ನಾನು ಅದನ್ನು ಬಿಡಿಸಿ ಇಟ್ಟೆ. ನನಗೆ ಬರುವ ಕಸುಬು ಅದೊಂದೇ.

"ಅವರು ನಿಮ್ಮ ರಕ್ತ ಅಂದರೆ ಮದುವೆ ಇಲ್ಲ. ಅವರು ನಿಮ್ಮ ಆಳುಗಳು ಅಂದರೆ ಮದುವೆಗೆ ಅಡ್ಡಿಯಿಲ್ಲ, ಆದರೆ ಅಜ್ಜಿ ಎದ್ದು ಹೋಗುತ್ತಾಳೆ. ಎರಡರಲ್ಲೂ ಜಾನ್ಸೆತ್‌ಗೆ ಸೋಲು."

"ಅದಕ್ಕೇ ನಿದ್ದೆ ಬರುತ್ತಿಲ್ಲ."

"ತರ್ಕದ ಪ್ರಕಾರ ಮೂರನೆಯದೂ ಒಂದಿದೆ."

"ಏನದು?"

"ಮನೆತನದವರು ಅವರು. ಆಳುಗಳ ಸಂತತಿ ನೀವು."

ಸತೀಶ ಮೇಜಿನ ಕೆಳಗೆ ನನ್ನ ಕಾಲು ತುಳಿದ. "ಲೋ, ಊಟ ಹಾಕಿದ ಮನೇಲಿ ಏನೋ ಇದು" ಅಂತ ಕನ್ನಡದಲ್ಲಿ ಗೊಣಗಿದ. ದೊರೆ ನನ್ನನ್ನೇ ನೋಡಿದರು. ಕೋಪ ಕಾಣಲಿಲ್ಲ. ಆಮೇಲೆ ಗೋಡೆಯ ಮುದ್ರೆಯ ಕಡೆ ನೋಡಿ ದೋಣಿಯ ಕತೆ ಶುರುಮಾಡಿದರು. ನಾನು ಅದನ್ನು ಮುಂಚೆಯೂ ಕೇಳಿದ್ದೆ. ಅವತ್ತು ಅವರು ಅದನ್ನು ನನಗೆ ಉತ್ತರವಾಗಿ ಹೇಳಿದರು.

ಅವರಲ್ಲಿ ಒಡೆಯರ ಮಗು ತನ್ನ ಮನೆಯಲ್ಲಿ ಬೆಳೆಯುವುದಿಲ್ಲ. ಹುಟ್ಟಿದ ಕೆಲವು ದಿನಕ್ಕೆ ಕೆಳಗಿನ ಮನೆತನವೊಂದಕ್ಕೆ ಸಾಕಲು ಕೊಡುತ್ತಾರೆ. ದೊಡ್ಡವನಾದ ಮೇಲೆ ಕುದುರೆ, ಕತ್ತಿಯ ಜೊತೆ ಮರಳುತ್ತಾನೆ. ಗಡೀಪಾರಿನ ಆ ವರ್ಷ ಒಡೆಯನ ಕೂಸು ಒಬ್ಬ ಆಳಿನ ಹೆಂಡತಿಯ ಹತ್ತಿರ ಇತ್ತು. ಅವಳಿಗೂ ಅಷ್ಟೇ ದೊಡ್ಡ ಕೂಸು. ಎರಡಕ್ಕೂ ಅವಳದೇ ಹಾಲು. ಒಡೆಯನ ಹೆಂಡತಿ ಒಂದು ದೋಣಿಯಲ್ಲಿ, ಸಾಕುತಾಯಿ ಇನ್ನೊಂದರಲ್ಲಿ. ದಾರಿಯಲ್ಲಿ ಜ್ವರ ಬಂತು. ಒಂದು ಕೂಸು ಸತ್ತಿತು. ಸತ್ತವರನ್ನು ದೋಣಿಯವರು ನೀರಿಗೆ ಎಸೆಯುತ್ತಾರೆಂದು ಅವಳು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಾಲು ಕುಡಿಯುತ್ತಿರುವಂತೆ ಎದೆಗೆ ಒತ್ತಿಕೊಂಡೇ ಕೂತಳು. ವಾಸನೆ ಬಂದ ಮೇಲೆ ಕಿತ್ತುಕೊಂಡರು.

"ಸತ್ತದ್ದು ಅವಳ ಕೂಸು" ಅಂದರು ದೊರೆ. "ಬದುಕಿದ್ದು ನಮ್ಮ ಹಿರೀಕ."

"ಯಾರು ನೋಡಿದವರು?"

"ಅವಳು."

"ಅವಳೊಬ್ಬಳೇ."

"ಹೌದು. ಅವಳೊಬ್ಬಳೇ."

ಅಲ್ಲಿಗೆ ಬಿಟ್ಟೆವು. ವಾರದ ನಡುವೆ ಒಂದು ಸಂಜೆ ನಾನು ಸೈಕಲ್ ಒಳಗಿಡುತ್ತಿದ್ದಾಗ ಅವರು ಬಾಗಿಲಿಗೆ ಬಂದು, ಚರ್ಚಾ ಸ್ಪರ್ಧೆಯಲ್ಲಿ ನೀನು ಯಾವ ಪಕ್ಷ ಮಾತಾಡಬೇಕೆಂದು ಯಾರು ಹೇಳುತ್ತಾರೆ ಅಂತ ಕೇಳಿದರು. ಚೀಟಿ ಎತ್ತುತ್ತೇವೆ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಅಂದೆ.

"ನಂಬಿಕೆ ಇಲ್ಲದ ಪಕ್ಷ ಬಂದರೆ?"

"ಅದನ್ನೇ ಮಾತಾಡಬೇಕು. ನಂಬಿದವನಿಗಿಂತ ಚೆನ್ನಾಗಿ. ಗಂಟೆ ಹೊಡೆದ ಮೇಲೆ ನಿಲ್ಲಿಸಬೇಕು, ಆಮೇಲೆ ಏನೂ ಸೇರಿಸುವಂತಿಲ್ಲ."

"ಕಷ್ಟವಲ್ಲವಾ?"

"ನಮ್ಮ ಪಕ್ಷಕ್ಕಿಂತ ಅದೇ ಸುಲಭ. ಕಳೆದುಕೊಳ್ಳುವುದು ಏನೂ ಇರುವುದಿಲ್ಲ."

ತಲೆ ಆಡಿಸಿ ಒಳಗೆ ಹೋದರು.

ಸಭೆ ಮಾನ್‌ಹೈಮ್‌ನಲ್ಲಿ ಒಂದು ಕಾರ್ ಗ್ಯಾರೇಜಿನ ಹಿಂದಿನ ಬಾಡಿಗೆ ಹಾಲ್‌ನಲ್ಲಿ ಸೇರಿತು. ದೊರೆಯ ಕಣ್ಣಿಗೆ ಆಪರೇಷನ್ ಆಗಿದ್ದರಿಂದ ಸತೀಶನ ಹಳೆಯ ಕಾರಿನಲ್ಲಿ ನಾನು ಕರೆದುಕೊಂಡು ಹೋದೆ. ಮದುವೆಯಾಗಬೇಕಾದ ಹುಡುಗಿ, ಜಾನ್ಸೆತ್ ಬರುವಂತಿರಲಿಲ್ಲ. ದೊರೆ ಒಳಗೆ ಕಾಲಿಟ್ಟ ಕೂಡಲೇ ಇಡೀ ಹಾಲ್ ಎದ್ದು ನಿಂತಿತು. ಮುದುಕರು, ಗಡ್ಡದ ಹುಡುಗರು, ಚಹಾ ತಟ್ಟೆ ಹಿಡಿದ ಹೆಂಗಸರು. ಹುಡುಗನ ಅಜ್ಜಿ ಕೋಲೂರಿಕೊಂಡು ಎದ್ದಳು. ದೊರೆ ಬಾಗಿಲಿಗೆ ದೂರದ ಕುರ್ಚಿಯಲ್ಲಿ ಕೂತ ಮೇಲೆಯೇ ಉಳಿದವರು ಕೂತರು. ನನಗೆ ಕುರ್ಚಿ ಸಿಗಲಿಲ್ಲ, ಹಿಂದೆ ಗೋಡೆಗೆ ಒರಗಿದೆ.

ಅವರು ಜರ್ಮನ್‌ನಲ್ಲಿ ಮಾತಾಡಿದರು. ಫೌಂಡ್ರಿಯ ಜರ್ಮನ್, ವ್ಯಾಕರಣ ಮುರಿದದ್ದು. ಹುಡುಗರಿಗೂ ತಿಳಿಯಲಿ ಅಂದರು. ತಮ್ಮ ಭಾಷೆಯಲ್ಲಿ ಅದನ್ನು ಹೇಳಲು ಬಾಯಿ ಬರುವುದಿಲ್ಲ ಎಂದೂ ಅಂದರು. ಮತ್ತೆ ದೋಣಿಯ ಕತೆ. ಅದೇ ಸಮುದ್ರ, ಅದೇ ಜ್ವರ, ಅದೇ ಬಿಳಿ ಬಟ್ಟೆ. ಕೂಸು ಮಾತ್ರ ಬೇರೆ.

"ಸತ್ತದ್ದು ಒಡೆಯನ ಕೂಸು. ದಡದಲ್ಲಿ ಒಡತಿ ಕೈ ಚಾಚಿದಾಗ ಆ ಹೆಂಗಸು ಹೆದರಿ ತನ್ನದನ್ನೇ ಕೊಟ್ಟಳು. ನಾನು ಆ ಕೂಸಿನ ಸಂತತಿ. ನನ್ನ ತಂದೆ ಸಾಯುವ ಮುಂಚೆ ಇದನ್ನು ಹೇಳಿದರು. ನಾನು ಬಚ್ಚಿಟ್ಟೆ. ಮನೆತನ ನನ್ನದಲ್ಲ. ಅಗೋ, ಆ ತಾಯಿ ಕೂತಿದ್ದಾಳಲ್ಲ, ಅವಳ ಮನೆಯದ್ದು. ಇಸ್ತಾಂಬುಲಿನಲ್ಲಿ ಜರ್ಮನ್ ವೈದ್ಯ ನನ್ನ ಹಲ್ಲು ನೋಡಿದ. ಹಲ್ಲು ತೋರಿಸುವುದು ನಮ್ಮ ಮನೆಗೆ ಹೊಸದಲ್ಲ. ನನ್ನ ಮೊಮ್ಮಗಳಿಗೂ ಆ ಹುಡುಗನಿಗೂ ರಕ್ತ ಬೇರೆ."

ಅಷ್ಟೇ ಮಾತು. ವಾದ ಎಂದು ನೋಡಿದರೆ ಅದರಲ್ಲಿ ಒಂದು ತೂತೂ ಇರಲಿಲ್ಲ. ತನಗೇ ನಷ್ಟವಾಗುವ ಮಾತನ್ನು ಯಾರು ಪ್ರಶ್ನಿಸುತ್ತಾರೆ?

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವಳು ಬಹಳ ಹೊತ್ತು ಕೋಲಿನ ಹಿಡಿಯನ್ನು ತಿರುಗಿಸುತ್ತ ಕೂತಿದ್ದಳು. ಕೊನೆಗೆ, "ಹುಡುಗಿಯ ತಪ್ಪೇನಿದೆ" ಅಂದಳು. "ನಮ್ಮ ಮನೆ ಅಷ್ಟು ಸಣ್ಣದಲ್ಲ. ಬರಲಿ."

ದೊರೆ ಎದ್ದರು. ಹಿರಿಯರು ಎದ್ದರೆ ಸಭೆ ಏಳಬೇಕು. ಕೆಲವರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು, ಅಜ್ಜಿಯ ಕಡೆ ನೋಡಿದರು. ಅಜ್ಜಿ ಏಳಲಿಲ್ಲ. ಜರುಗಿದವರು ಹಿಂದಕ್ಕೆ ಒರಗಿದರು. ದೊರೆ ಆ ಉದ್ದ ಹಾಲ್ ದಾಟಿ ಬಾಗಿಲಿಗೆ ಬರುವವರೆಗೆ ಒಬ್ಬರೂ ಏಳಲಿಲ್ಲ. ನಾನು ಎದ್ದು ನಿಂತೆ ಎಂದು ಹೇಳಿಕೊಳ್ಳುವಂತಿಲ್ಲ. ನಾನು ಮೊದಲಿನಿಂದಲೂ ನಿಂತೇ ಇದ್ದೆ.

ಕಾರು ಊರು ದಾಟಿತು. ನಾನೇ ಕೇಳಿದೆ.

"ನೀವು ಹೇಳಿದ್ದು ನಿಜವಾ?"

"ನಿಮ್ಮಲ್ಲಿ ಗಂಟೆ ಹೊಡೆದ ಮೇಲೆ ಮಾತಾಡಬಹುದಾ?"

"ಇಲ್ಲ."

"ಹಾಗಾದರೆ ರಸ್ತೆ ನೋಡು."

ಅವತ್ತು ಮನೆಗೆ ಬಂದು ನಾನೂ ಸತೀಶನೂ ಜಗಳವಾಡಿದೆವು. ಸತೀಶ ನಿಜವೆಂದ. "ಅಷ್ಟು ದೊಡ್ಡ ಸುಳ್ಳನ್ನ ತನ್ನ ಮೇಲೇ ಯಾರ್ ಹೇಳ್ಕೋತಾರೆ ಮಗಾ? ಪಾಪ, ಇಷ್ಟು ವರ್ಷ ಎದೆಯೊಳಗೆ ಇಟ್ಕೊಂಡಿದ್ರು."

"ಎದಿಯೊಳಗ ಅಲ್ಲೋ, ಬುಧವಾರದಿಂದ ಇಟ್ಟುಕೊಂಡಾರ. ಸೈಕಲ್ ಹತ್ರ ನಿಂತು ನನ್ನ ಕೇಳಿ ಕಲತಾರ."

"ನಿನ್ನಿಂದ ಕಲ್ತ್ರಾ? ನೀನ್ಯಾರೋ ಅವರಿಗೆ ಗುರು? ನೀನು ಹುಟ್ಟಿಸಿದ ಮಾತು ಅಂತ ಅಂದ್ಕೊಂಡ್ಬಿಟ್ರೆ ನಿನಗೆ ಖುಷಿ. ಅವರಪ್ಪ ನಿಜವಾಗ್ಲೂ ಹೇಳಿದ್ರೆ?"

ಆ ಸಾಧ್ಯತೆಯನ್ನು ನಾನು ಅಲ್ಲಗಳೆಯಲಾರೆ ಎನ್ನುವುದೇ ನನಗೆ ಸಿಟ್ಟು ತರಿಸಿತು.

ಮದುವೆ ಆಯಿತು. ಅಕಾರ್ಡಿಯನ್ ನುಡಿಸಿದರು, ಹುಡುಗರು ಕಾಲ್ಬೆರಳ ತುದಿಯಲ್ಲಿ ಕುಣಿದರು. ಹೆಣ್ಣಿನ ಅಜ್ಜನಿಗೆ ಬಾಗಿಲ ಪಕ್ಕದ ಕುರ್ಚಿ ಕೊಟ್ಟಿದ್ದರು. ಯಾರು ತೋರಿಸಿದರೋ ಗೊತ್ತಿಲ್ಲ, ಗಲ್ಲ ಎತ್ತಿ ತೋರಿಸಿರಬೇಕು. ಬಾಗಿಲು ತೆರೆದಾಗಲೆಲ್ಲ ಚಳಿ ಗಾಳಿ ಅವರ ಬೆನ್ನಿಗೆ ಹೊಡೆಯುತ್ತಿತ್ತು. ಜಾನ್ಸೆತ್ ಎರಡು ಸಲ ಎದ್ದು ಬಂದು ಅವರನ್ನು ಒಳಗೆ ಕರೆದಳು. ಅವರು ಅವಳ ಕೆನ್ನೆ ತಟ್ಟಿ ವಾಪಸು ಕಳಿಸಿದರು. ಅವಳು ಆ ಹೊತ್ತಿಗೆ ಎಲ್ಲ ಕೇಳಿದ್ದಳು. ಅತ್ತಿದ್ದಳೋ ಇಲ್ಲವೋ ನನಗೆ ತಿಳಿಯದು. ಅಜ್ಜನ ಮುಂದಂತೂ "ಎಗಾಲ್" ಅಂದಳಂತೆ.

ಆಮೇಲೆ ಮನೆಗೆ ಫೋನ್ ಬರುವುದು ನಿಂತಿತು. ಮುಂಚೆ ಹಬ್ಬಕ್ಕೆ ಅಂಕಾರಾದಿಂದ, ಕೈರೋದಿಂದ, ಹೆಸರೇ ಕೇಳದ ಊರುಗಳಿಂದ ಕರೆ ಬರುತ್ತಿತ್ತು, ದೊರೆ ಫೋನಿನಲ್ಲೂ ನಿಂತೇ ಮಾತಾಡುತ್ತಿದ್ದರು. ಒಮ್ಮೆ ಮಾತ್ರ ತಮ್ಮನ ಮಗ ಕರೆ ಮಾಡಿದ. ಇವರೊಬ್ಬರ ಮಾತು ಅವನ ಕಡೆಯ ಮನೆತನವನ್ನೂ ಅಳಿಸಿಹಾಕಿತ್ತಲ್ಲ. ಅವನ ಕೂಗು ಮೇಲಿನ ಕೋಣೆಗೂ ಕೇಳುತ್ತಿತ್ತು. ದೊರೆ ಪೂರ್ತಿ ಕೇಳಿಸಿಕೊಂಡು ರಿಸೀವರ್ ಇಟ್ಟರು. ಭಾನುವಾರದ ಊಟ ಮುಂದುವರಿಯಿತು. ಗೋಡೆಯ ಮೇಲೆ ಮುದ್ರೆ ಇರಲಿಲ್ಲ, ಅದಿದ್ದ ಜಾಗದಲ್ಲಿ ಬಣ್ಣ ಮಾಸದ ಗುರುತು ಉಳಿದಿತ್ತು. ಹೆಸರುಗಳನ್ನು ಹೇಳುವುದೂ ನಿಂತಿತು. ನಾವು ಕೂತ ಮೇಲೆ ಕೂರುವುದನ್ನು ಮಾತ್ರ ಬಿಡಲಿಲ್ಲ.

ಸತೀಶ ಮ್ಯೂನಿಕ್ ಕಡೆ ಕೆಲಸ ಸಿಕ್ಕಿ ಹೋದ. ನನ್ನ ಪರವಾನಗಿಯ ಅವಧಿ ಮುಗಿಯುತ್ತ ಬಂತು. ಉಳಿಯಲು ದಾರಿಯಿತ್ತೋ ಏನೋ, ನಾನು ಹುಡುಕಲಿಲ್ಲ. ಹೊರಡುವ ಮುನ್ನಾದಿನ ಬೆಳಿಗ್ಗೆ ವಿದಾಯ ಹೇಳಲು ಕೆಳಗಿಳಿದೆ. ಅವರು ಕಿಟಕಿಯ ಹತ್ತಿರ ತೋಳಿನ ಕುರ್ಚಿಯಲ್ಲಿದ್ದರು. ಮಂಡಿ ಹಿಡಿದು ಎದ್ದು ಓಡಾಡುವುದೇ ಕಷ್ಟವಾಗಿತ್ತು. "ಏಳಲಾಗುವುದಿಲ್ಲ, ತಪ್ಪು ತಿಳಿಯಬೇಡ" ಅಂದರು. ಊರಿಗೆ ಹೋಗಿ ಏನು ಮಾಡುತ್ತೀ ಎಂದೆಲ್ಲ ಕೇಳಿದರು. ಅದೂ ಇದೂ ಮಾತಾಡುತ್ತ, ಮಾತಿನ ನಡುವೆ ನಾನು ಆ ಮೊದಲ ಹೆಸರನ್ನು ಎತ್ತಿದೆ. ಬೆಟ್ಟದಲ್ಲಿ ಮನೆತನ ಕಟ್ಟಿದವನ ಹೆಸರು. ಬೇಕೆಂದೇ ಎತ್ತಿದೆ. ಪರೀಕ್ಷಿಸದೆ ಹೋಗುವುದು ನನ್ನಿಂದಾಗಲಿಲ್ಲ.

ಅವರ ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದವು. ಮೈ ಮೇಲೆದ್ದಿತು. ಅರ್ಧ ಎದ್ದವರು ನನ್ನ ಮುಖ ನೋಡಿದರು, ಹಾಗೇ ಒಂದು ಕ್ಷಣ ತಡೆದರು.

"ನೀರು ಬೇಕಿತ್ತು" ಅಂದು ಕೂತರು.

ನೀರಿನ ಲೋಟ ಅವರ ಮೊಣಕೈ ಪಕ್ಕದಲ್ಲೇ ಇತ್ತು. ನಾನು ಎತ್ತಿ ಕೊಟ್ಟೆ. ಕುಡಿದರು.

ವಿಮಾನದಲ್ಲಿ ಕೂತು ನಾನು ಗೆದ್ದೆ ಅಂದುಕೊಂಡೆ. ಸಭೆಯಲ್ಲಿ ಹೇಳಿದ್ದು ಸುಳ್ಳು, ಮೈ ಸಾಕ್ಷಿ ಹೇಳಿತು ಅಂದುಕೊಂಡೆ. ಊರು ತಲುಪುವ ಮೊದಲೇ ಎದುರು ಪಕ್ಷದವನು ನನ್ನೊಳಗೇ ಎದ್ದು ನಿಂತ. ಒಡೆಯನ ಹೆಸರು ಕೇಳಿದರೆ ಒಡೆಯನ ಮೊಮ್ಮಗ ಏಳುತ್ತಾನೆ, ಸರಿ. ಆಳಿನ ಮೊಮ್ಮಗ ಏಳುವುದಿಲ್ಲವೇ? ಅವನು ಇನ್ನೂ ಬೇಗ ಏಳುತ್ತಾನೆ. ಆ ಅರ್ಧ ಎದ್ದ ಮೈಯನ್ನು ಎರಡೂ ಪಕ್ಷಕ್ಕೆ ಬಳಸಬಹುದು. ನನ್ನ ಹತ್ತಿರ ಬೇರೆ ಸಾಕ್ಷಿ ಇಲ್ಲ.

ಜಾನ್ಸೆತ್ ಫೋನ್ ಮಾಡಿದ್ದು ಮಣ್ಣಾಗಿ ಕೆಲವು ದಿನವಾದ ಮೇಲೆ. ಅನಾತೋಲಿಯಾದ ಆ ಹಳ್ಳಿಯಲ್ಲಿ ಮನೆತನದ ಗೋರಿಗಳ ಸಾಲಿದೆಯಂತೆ, ಎಲ್ಲ ಕಲ್ಲಿನ ಮೇಲೂ ಮುದ್ರೆ. ತಂದೆಯ ಪಕ್ಕದಲ್ಲಿ ಇವರಿಗೆಂದು ಜಾಗ ಬಿಟ್ಟಿತ್ತು. ಹೆಣ ತರಬೇಡಿ ಎಂದು ತಮ್ಮನ ಮಗ ಹೇಳಿಕಳಿಸಿದ. ಜರ್ಮನಿಯಲ್ಲೇ ಊರ ಹೊರಗಿನ ಸ್ಮಶಾನದಲ್ಲಿ, ಮುಸ್ಲಿಮರ ಮೂಲೆಯಲ್ಲಿ ಮಣ್ಣು ಮಾಡಿದರು. ಅಲ್ಲಿ ಗೋರಿಯ ಜಾಗವೂ ಗುತ್ತಿಗೆ. ಅವಧಿ ಮುಗಿದ ಮೇಲೆ ಕಲ್ಲು ಕಿತ್ತು ಬೇರೆಯವರಿಗೆ ಕೊಡುತ್ತಾರೆ. ಹುಡುಗನ ಕಡೆಯಿಂದ ಯಾರು ಬಂದಿದ್ದರು ಅಂತ ಕೇಳಿದೆ. ಗಂಡ ಬಂದಿದ್ದ ಅಂದಳು. ಅಜ್ಜಿ? ಬರಲಿಲ್ಲ ಅಂದಳು.

ಆಮೇಲೆ, ಅವಳು ಹಾಗೆ ಮಾತಾಡಿದ್ದು ಅದೇ ಮೊದಲು, ಅಜ್ಜಿಯ ವಿಷಯ ಹೇಳಿದಳು. ಮನೆಗೆ ನೆಂಟರು ಬಂದರೆ ಅಜ್ಜಿ ಇವಳನ್ನು ತೋರಿಸಿ, "ಆಳಿನ ಮನೆಯವಳು, ಆದರೂ ಕೈ ಚುರುಕು" ಅನ್ನುತ್ತಾಳಂತೆ. ಪ್ರೀತಿಯಿಂದಲೇ. ಮಗ ಹುಟ್ಟಿದಾಗ ಮಗುವಿನ ಮೂಗು ನೋಡಿ, ದೇವರ ದಯೆ, ನಮ್ಮ ಕಡೆಯದು ಬಂದಿದೆ ಅಂದಳಂತೆ. ಇವಳು ಗಂಡನ ಮುಖ ನೋಡಿದರೆ ಅವನು ಕಿಟಕಿ ನೋಡುತ್ತಿದ್ದನಂತೆ.

"ನೀನು ಓಪಾ ಜೊತೆ ಜಗಳವಾಡಿದವನು" ಅಂದಳು. "ಬೇರೆ ಯಾರೂ ಆಡಲಿಲ್ಲ. ಹೇಳು. ಸಭೆಯಲ್ಲಿ ಹೇಳಿದ್ದು ನಿಜವಾ?"

ನಾನು ಮೂರೂ ಸಾಧ್ಯತೆಗಳನ್ನು ಮತ್ತೊಮ್ಮೆ ಬಿಡಿಸಿ ನೋಡಿದೆ. ಸುಳ್ಳು ಅಂದರೆ ನಾಳೆ ಬೆಳಿಗ್ಗೆ ಅವಳು ಅಜ್ಜಿಯ ಮುಂದೆ ತಲೆಯೆತ್ತಿ ನಿಲ್ಲುತ್ತಾಳೆ. ಆಗ ಆ ಮಗುವಿನ ಅಪ್ಪ, ಒಂದೋ ಇವಳಿಗೆ ಅಣ್ಣ, ಇಲ್ಲವೋ ಇವಳ ಮನೆಯ ಆಳು. ಅಜ್ಜಿ ಎದ್ದು ಹೋಗುತ್ತಾಳೆ, ಅವಳ ಹಿಂದೆ ಹುಡುಗ. ಮುದುಕ ಬಾಗಿಲ ಪಕ್ಕ ಚಳಿಯಲ್ಲಿ ಕೂತದ್ದು, ಗೋರಿಯ ಜಾಗ ಬಿಟ್ಟುಕೊಟ್ಟದ್ದು, ಎಲ್ಲ ನೀರಿಗೆ.

"ನಿಜ" ಅಂದೆ.

"ಸಾಕ್ಷಿ?" ಅಂದಳು. ಥೇಟ್ ನನ್ನ ಧಾಟಿಯಲ್ಲೇ.

"ಅವರೇ ಹೇಳಿದರಲ್ಲ."

ಅಂಥ ಉತ್ತರ ಕೊಟ್ಟವನನ್ನು ನಾನು ಯಾವ ವೇದಿಕೆಯ ಮೇಲೂ ಸುಮ್ಮನೆ ಬಿಟ್ಟವನಲ್ಲ. ಅವಳು ಬಿಟ್ಟಳು. ಮಗು ಎದ್ದಿತು ಅಂತ ಹೇಳಿ ಫೋನ್ ಇಟ್ಟಳು.